ನಮ್ಮ ಕಾಗದ ನಮಗೆ ಸಿಗಲಿ



ಕೊಲ್ಲೂರಿನಲ್ಲಿ ಮೂಕಾಂಬಿಕೆಯ ಎದುರು ಎಷ್ಟೋ ಮದುವೆಗಳಾಗುತ್ತವೆ. ತಾಳಿ ಕಟ್ಟುವುದನ್ನು ಎಲ್ಲರೂ ನೋಡುತ್ತಾರೆ. ಆದರೆ ಮದುವೆ ಮುರಿದರೆ? "ಕೋರ್ಟಿಗೆ ಹೋರೆ ಊರಿಗೆಲ್ಲ ಗೊತ್ತಾತ್ತ್" ಅಂತ ಹೆದರುತ್ತೇವೆ. ಪೆಟ್ಟು ತಿಂದರೂ ಸುಮ್ಮನಿರುತ್ತೇವೆ.

ಕಾನೂನು ಏನು ಹೇಳುತ್ತದೆ, ನೋಡೋಣ.

1955ರ ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಇದೆ. ಅದರಂತೆ ವಿಚ್ಛೇದನದ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಬೇಕು. ಊರವರು ಕೂತು ಕೇಳುವ ಹಾಗಿಲ್ಲ. ಅಲ್ಲಿಯ ಸಂಗತಿಯನ್ನು ಪೇಪರಿನಲ್ಲಿ ಹಾಕುವ ಹಾಗಿಲ್ಲ. ಹಾಕಿದರೆ 1000 ರೂಪಾಯಿವರೆಗೆ ದಂಡ. ಹೈಕೋರ್ಟು, ಸುಪ್ರೀಂ ಕೋರ್ಟುಗಳ ತೀರ್ಪನ್ನು ಮಾತ್ರ ಆ ಕೋರ್ಟಿನ ಒಪ್ಪಿಗೆ ಪಡೆದು ಅಚ್ಚು ಹಾಕಬಹುದು.

ಬೇರೆ ಧರ್ಮದವರಿಗೆ? 1984ರ ಕುಟುಂಬ ನ್ಯಾಯಾಲಯ ಕಾಯ್ದೆ ಇದೆ. ಆ ನ್ಯಾಯಾಲಯದಲ್ಲಿ ಗಂಡ ಅಥವಾ ಹೆಂಡತಿ, ಒಬ್ಬರು ಕೇಳಿದರೂ ಸಾಕು, ಬಾಗಿಲು ಮುಚ್ಚಿಯೇ ವಿಚಾರಣೆ ಮಾಡಬೇಕು.

ಹಾಗಾದರೆ ಕಾಗದ ನಮಗೂ ಸಿಗುವುದಿಲ್ಲವೇ? ಸಿಗುತ್ತದೆ. ಹಿಂದೂ ವಿವಾಹ ಕಾಯ್ದೆಯ 23ನೇ ಕಲಂ ಪ್ರಕಾರ, ವಿಚ್ಛೇದನವಾದರೆ ಗಂಡನಿಗೊಂದು, ಹೆಂಡತಿಗೊಂದು ಡಿಕ್ರಿಯ ಪ್ರತಿಯನ್ನು ಕೋರ್ಟು ಪುಕ್ಕಟೆ ಕೊಡಬೇಕು. ಮುಂದೆ ಮರುಮದುವೆಯಾಗುವಾಗ ಇದೇ ದಾಖಲೆ. ಕೇಳಿ ಪಡೆಯೋಣ, ಜೋಪಾನವಾಗಿಡೋಣ.

ವಕೀಲರಿಗೆ ಕೊಡಲು ದುಡ್ಡಿಲ್ಲವೇ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ಉಚಿತ ನೆರವು ಸಿಗುತ್ತದೆ. ಆದಾಯ ಎಷ್ಟೆಂದು ನೋಡುವುದಿಲ್ಲ. ಕುಂದಾಪುರದ ಕೋರ್ಟಿಗೆ ಹೋಗಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸೋಣ.

ಯಾರೋ ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತುವುದು ಇನ್ನು ಬೇಡ. ನಾವೀಗ ಓದಲು ಕಲಿತಿದ್ದೇವೆ. ಮೊದಲು ಓದೋಣ. ತಿಳಿಯದಿದ್ದರೆ ಕೇಳೋಣ. ಆಮೇಲೆ ಸಹಿ ಹಾಕೋಣ.