ಮಡಕೆಯಿಂದ ಇಳಿದ ರಸ



ಭರತಮುನಿ ನಾಟ್ಯಶಾಸ್ತ್ರದಲ್ಲಿ ರಸವೆಂದರೇನೆಂದು ವಿವರಿಸಲು ಹೊರಟಾಗ ನಮ್ಮನ್ನು ಕರೆದೊಯ್ಯುವುದು ಊಟದ ಪಂಕ್ತಿಗೆ. ನಾನಾ ವ್ಯಂಜನಗಳಿಂದ ಹದಗೊಂಡ ಅನ್ನವನ್ನು ಉಣ್ಣುವವನು ರುಚಿಗಳನ್ನು ಸವಿಯುವಂತೆ ಸಹೃದಯನು ಭಾವಗಳನ್ನು ಸವಿಯುತ್ತಾನೆಂಬುದು ಅಲ್ಲಿಯ ಹೋಲಿಕೆ. ಈ ಹೋಲಿಕೆಯನ್ನು ನಾನು 31 ವರ್ಷ ಕನ್ನಡ ಎಂ.ಎ. ತರಗತಿಗಳಲ್ಲಿ ಪಾಠ ಹೇಳಿದ್ದೇನೆ. ಆದರೆ ಸವಿಯುವುದೆಂದರೇನೆಂದು ನಿಜವಾಗಿ ಯೋಚಿಸಿದ್ದು ನಿವೃತ್ತನಾದ ಮೇಲೆ. ಅದೂ ಮೆಕ್ಸಿಕೋ ದೇಶದ ಒಂದು ಹಳ್ಳಿಯಲ್ಲಿ, ಮಣ್ಣಿನ ಮಡಕೆಯಲ್ಲಿ ಬಟ್ಟಿ ಇಳಿಸಿದ ಮದ್ಯದ ಮುಂದೆ ಕುಳಿತಾಗ. ಅದರ ಹೆಸರು ಮೆಸ್ಕಾಲ್.

ಇಷ್ಟು ಕೇಳಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಬೆಚ್ಚಿರಬಹುದು. ಅದುವರೆಗೆ ನಾನು ಮದ್ಯ ಮುಟ್ಟಿದವನಲ್ಲ. ಕಾರಣ ಯಾವ ತತ್ತ್ವವೂ ಅಲ್ಲ, ನನ್ನ ಅಣ್ಣ. ಆ ಮಾತು ಮುಂದೆ ಬರುತ್ತದೆ.

2023ರಲ್ಲಿ, ಅಮೆರಿಕದಲ್ಲಿ ಕೆಲಸದಲ್ಲಿರುವ ಮಗಳು ನಮ್ಮಿಬ್ಬರನ್ನೂ ದಕ್ಷಿಣ ಮೆಕ್ಸಿಕೋದ ವಹಾಕ ಪ್ರಾಂತಕ್ಕೆ ಕರೆದೊಯ್ದಳು. ವಹಾಕ ನಗರದಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆಯ ದಾರಿಯಲ್ಲಿ ಸಾಂತಾ ಕತರೀನಾ ಮಿನಾಸ್ ಎಂಬ ಹಳ್ಳಿಯಿದೆ. ಊರು ಸಮೀಪಿಸುತ್ತಲೇ ನನ್ನಾಕೆ, “ಅಯ್ಯೋ, ಇದು ನಮ್ಮ ಕತ್ತಾಳೆಯಲ್ಲವೇ!” ಎಂದಳು. ಹೌದು, ಕತ್ತಾಳೆಯ ಕುಲವೇ. ನಮ್ಮ ಬಯಲುಸೀಮೆಯಲ್ಲಿ ಹೊಲದ ಬೇಲಿಗೆ ನೆಟ್ಟು, ಎಲೆಯನ್ನು ಕೆರೆಯಲ್ಲಿ ಕೊಳೆಹಾಕಿ, ಬಡಿದು, ಹಗ್ಗ ಹೊಸೆಯುವ ಆ ಗಿಡದ ತವರು ಮೆಕ್ಸಿಕೋ. ನಮಗೆ ಬೇಕಾದದ್ದು ಅದರ ನಾರು. ಅವರಿಗೆ ಬೇಕಾದದ್ದು ಎದೆ. ನಾವಾತ್ಲ್ ಭಾಷೆಯಲ್ಲಿ ಮೆಸ್ಕಾಲ್ ಎಂಬ ಮಾತಿನ ಮೂಲಾರ್ಥವೇ ‘ಬೇಯಿಸಿದ ಕತ್ತಾಳೆ’.

ಕತ್ತಾಳೆ ಬಾಳಿನಲ್ಲಿ ಒಮ್ಮೆ ಮಾತ್ರ ಹೂ ಬಿಟ್ಟು ಸಾಯುತ್ತದೆಂಬುದನ್ನು ನಮ್ಮ ದನಕಾಯುವ ಹುಡುಗರೂ ಬಲ್ಲರು. ಆ ಹೂವಿನ ಕಂಬ ಮೇಲೇಳುವ ಮೊದಲೇ ಗಿಡದಲ್ಲಿ ಕೂಡಿಟ್ಟ ಸಿಹಿಯನ್ನು ಇವರು ಕದಿಯಬೇಕು. ಎಸ್ಪದೀನ್ ಎಂಬ ಜಾತಿ ಬಲಿಯಲು 6ರಿಂದ 8 ವರ್ಷ ಬೇಕು. ಕಾಡಿನಲ್ಲಿ ಬೆಳೆಯುವ ತೊಬಲಾ ಎಂಬ ಪುಟ್ಟ ಗಿಡಕ್ಕೆ 10ರಿಂದ 15. ಎಲೆ ಸವರಿದ ಗಡ್ಡೆಗಳನ್ನು ಕಾದ ಕಲ್ಲುಗಳ ಗುಂಡಿಯಲ್ಲಿಟ್ಟು, ಮಣ್ಣು ಮುಚ್ಚಿ, ಮೂರು ನಾಲ್ಕು ದಿನ ಬೇಯಿಸುತ್ತಾರೆ. ಹೊಗೆಯ ವಾಸನೆ ಹುಟ್ಟುವುದು ಅಲ್ಲಿ. ಬೆಂದದ್ದನ್ನು ಮರದ ಮರಿಗೆಯಲ್ಲಿ ಹಾಕಿ ಕೊಡತಿಯಿಂದ ಜಜ್ಜಿ, ತೆರೆದ ತೊಟ್ಟಿಯಲ್ಲಿ ಹುಳಿಯಲು ಬಿಡುತ್ತಾರೆ. ಒಂದು ಚೂರು ಬೆಂದ ನಾರನ್ನು ನಾನು ಬಾಯಿಗೆ ಹಾಕಿಕೊಂಡೆ; ಆಲೆಮನೆಯಲ್ಲಿ ಕೊಪ್ಪರಿಗೆಯ ಅಂಚಿಗೆ ಹತ್ತಿದ ಬೆಲ್ಲದ ರುಚಿ.

ಇನ್ನು ಮಡಕೆ. ಅಲ್ಲಿ ನಾನು ಹೆಚ್ಚು ಹೊತ್ತು ನಿಂತೆ. ಒಲೆಯಲ್ಲಿ ಕುತ್ತಿಗೆಯವರೆಗೆ ಹೂತ ಒಂದು ಗುಡಾಣ. ಅದರ ಮೇಲೆ ತಳವಿಲ್ಲದ ಇನ್ನೊಂದು ಮಡಕೆ. ಅದರ ಬಾಯಿಗೆ ತಣ್ಣೀರು ತುಂಬಿದ ಲೋಹದ ಬೋಗುಣಿ. ಕೆಳಗಿನ ಕೊಳೆ ಕುದಿದು ಆವಿ ಮೇಲೇರುತ್ತದೆ, ಬೋಗುಣಿಯ ತಣ್ಣನೆಯ ತಳಕ್ಕೆ ತಾಗಿ ಹನಿಯಾಗುತ್ತದೆ, ಒಳಗಿಟ್ಟ ಮರದ ಸೌಟಿನ ಮೇಲೆ ಬಿದ್ದು, ಜೊಂಡಿನ ಕೊಳವೆಯಿಂದ ಹೊರಗೆ ತೊಟ್ಟಿಕ್ಕುತ್ತದೆ. ‘ಬಟ್ಟಿ ಇಳಿಸುವುದು’ ಎಂಬ ನಮ್ಮ ಮಾತಿನಲ್ಲಿರುವ ‘ಇಳಿಸು’ ಎಷ್ಟು ಸಾರ್ಥಕವೆಂದು ಅಂದೇ ನನಗೆ ತಿಳಿದದ್ದು. (ನಮ್ಮ ಹುಡುಗರು ಪರೀಕ್ಷೆಯಲ್ಲಿ ಇಳಿಸುವ ಬಟ್ಟಿ ಬೇರೆ, ಬಿಡಿ.) ಈ ಉಪಾಯ ಎಲ್ಲಿಂದ ಬಂತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. 1565ರಿಂದ 1815ರವರೆಗೆ ಮನಿಲಾ–ಅಕಾಪುಲ್ಕೋ ನಡುವೆ ಓಡಾಡಿದ ಹಡಗುಗಳಲ್ಲಿ ಬಂದ ಫಿಲಿಪೀನ್ಸಿನವರು ತೆಂಗಿನ ಕಳ್ಳನ್ನು ಬಟ್ಟಿ ಇಳಿಸುವ ವಿದ್ಯೆಯನ್ನು ತಂದರೆಂಬುದು ಒಂದು ಪಕ್ಷ. ಸ್ಪೇನಿನವರು ಬರುವ ಮೊದಲೇ ಅಲ್ಲಿ ಅದು ಗೊತ್ತಿತ್ತೆಂಬುದು ಇನ್ನೊಂದು.

ಮಡಕೆ ಸಣ್ಣದು, ತಾಮ್ರದ ಹಂಡೆಗೆ ಸಮವಲ್ಲ. ಎರಡು ಸಲ ಇಳಿಸಬೇಕು. ಉರಿ ಹೆಚ್ಚಾದರೆ ಮಡಕೆ ಬಿರಿದು ಮಾಲೆಲ್ಲ ಒಲೆಯ ಪಾಲು. ಮೆಕ್ಸಿಕೋ ಸರ್ಕಾರದ 2016ರ ಮಾನದಂಡದಲ್ಲಿ ಹೀಗೆ ಮಡಕೆಯಲ್ಲಿ ತಯಾರಾದದ್ದಕ್ಕೆ ‘ಪೂರ್ವಜರ ಮೆಸ್ಕಾಲ್’ ಎಂಬ ಬೇರೆಯ ವರ್ಗವೇ ಇದೆ. ಮಾರುಕಟ್ಟೆಗೆ ಬರುವ ಮೆಸ್ಕಾಲಿನಲ್ಲಿ ಅದರ ಪಾಲು ಅತ್ಯಲ್ಪ.

ಯಜಮಾನರು ಜೊಂಡಿನ ಕೊಳವೆಯಿಂದ ಮದ್ಯವನ್ನು ಬಾಯಿಂದ ಎಳೆದು, ಬುರುಡೆಯ ಬಟ್ಟಲಿಗೆ ಎತ್ತರದಿಂದ ಬಿಟ್ಟರು. ಮೇಲೆ ಮುತ್ತಿನಂಥ ಗುಳ್ಳೆಗಳು ಎದ್ದು ನಿಂತವು. ಗುಳ್ಳೆಯ ಗಾತ್ರ, ಅದು ನಿಲ್ಲುವ ಹೊತ್ತು ನೋಡಿಯೇ ಅವರು ಕಡುಪನ್ನು ಅಳೆಯುತ್ತಾರೆ. ನೂರಕ್ಕೆ 50ರ ಆಸುಪಾಸಿನಲ್ಲಿ ಗುಳ್ಳೆ ಚೆನ್ನಾಗಿ ನಿಲ್ಲುತ್ತದೆಯಂತೆ. ಆಮೇಲೆ ನನ್ನ ಅಂಗೈಗೆ ಎರಡು ಹನಿ ಹಾಕಿ ಉಜ್ಜೆಂದರು. ಕಡುಪು ಹಾರಿಹೋಗಿ, ಬೆಂದ ಗಡ್ಡೆಯ ವಾಸನೆಯೊಂದೇ ಅಂಗೈಯಲ್ಲಿ ಉಳಿಯಿತು. ಬಟ್ಟಲನ್ನು ಮುಂದಿಟ್ಟು, “ಗುಟುಕರಿಸಬೇಡಿ, ಮುತ್ತಿಡುವಂತೆ ತುಟಿಗೆ ತಾಗಿಸಿ” ಎಂದರು. ಮಗಳು ಇದನ್ನು ಕನ್ನಡಕ್ಕೆ ತರುವಾಗ ಸ್ವಲ್ಪ ತಡವರಿಸಿದಳು.

ನಾನು ಬಟ್ಟಲನ್ನು ಎತ್ತಲಿಲ್ಲ. ಕಣ್ಣ ಮುಂದೆ ಅಣ್ಣ ಬಂದು ನಿಂತಿದ್ದ. ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ. ಅಣ್ಣ ಹೋದದ್ದು 1999ರಲ್ಲಿ. ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ, ಮೂಗು ಹಿಡಿದು, ಕಣ್ಣು ಮುಚ್ಚಿ ಒಂದೇ ಸಲಕ್ಕೆ ಗಂಟಲಿಗೆ ಸುರಿದುಕೊಳ್ಳುತ್ತಿದ್ದ. ಕೂಡಲೇ ಉಪ್ಪಿನಕಾಯಿ ನೆಕ್ಕುತ್ತಿದ್ದ. ರುಚಿ ತಿಳಿಯಬಾರದೆಂದೇ ಕುಡಿಯುತ್ತಿದ್ದ. ಅಣ್ಣನಷ್ಟು ನಾಲಿಗೆಯ ರುಚಿ ಬಲ್ಲವರನ್ನು ನಾನು ಕಂಡಿಲ್ಲ. ಸಾರಿನ ಘಮದಿಂದಲೇ ಬೇಳೆ ಯಾವ ಹೊಲದ್ದೆಂದು ಹೇಳುತ್ತಿದ್ದ.

ಮನೆಯೊಡತಿ ನನ್ನ ಮೌನವನ್ನು ಗಮನಿಸಿ ಮಗಳನ್ನು ಏನೋ ಕೇಳಿದರು. ಮಗಳು ಹೇಳಿದಳು. ಆಕೆ ತುಸು ಹೊತ್ತು ಸುಮ್ಮನಿದ್ದು, ತಮ್ಮ ಮೈದುನನೂ ಹಾಗೆಯೇ ಹೋದನೆಂದರು. ಆದ್ದರಿಂದ, ಸವಿದು ಕುಡಿಯುವವರ ಊರಿನಲ್ಲಿ ಕುಡಿತದ ಕೇಡಿಲ್ಲವೆಂದು ನಾನು ಹೇಳಲಾರೆ. ಮದುವೆಗೂ ಸಾವಿಗೂ ಮೆಸ್ಕಾಲ್ ಬೇಕೆನ್ನುವ ಊರು ಅದು.

ಆಮೇಲೆ ನಾನು ಬಟ್ಟಲು ಎತ್ತಿದೆ. ಮೊದಲ ಸಲ ಉರಿ ಬಿಟ್ಟು ಬೇರೇನೂ ತಿಳಿಯಲಿಲ್ಲ. ನಾಲಿಗೆ ಗಾಬರಿಯಾಗುತ್ತದೆ, ತೀರ್ಪು ಎರಡನೆಯದಕ್ಕೆ ಎಂದರು ಯಜಮಾನರು. ಎರಡನೆಯ ಸಲ ಮೊದಲು ಹಸಿ ಸೌದೆಯ ಹೊಗೆ, ಅದರ ಹಿಂದೆ ಬೆಲ್ಲ, ಬೆಲ್ಲದ ಹಿಂದೆ ಚಕ್ಕೋತದ ಸಿಪ್ಪೆಯ ಕಹಿ. ಬಹಳ ಹೊತ್ತಿನ ಮೇಲೆ, ಎಲ್ಲವೂ ಮುಗಿಯಿತೆನ್ನುವಾಗ, ಹೊಸ ಹೂಜಿಯ ನೀರಿನಲ್ಲಿರುವ ಮಣ್ಣಿನ ವಾಸನೆ. ಅದೇ ಜಾತಿಯ ಗಿಡದಿಂದ ತಾಮ್ರದ ಹಂಡೆಯಲ್ಲಿ ಇಳಿಸಿದ್ದನ್ನೂ ತುಟಿಗೆ ತಾಗಿಸಿಕೊಟ್ಟರು. ಅದು ಚುರುಕು, ನಿಚ್ಚಳ, ಹಣ್ಣಿನ ಪರಿಮಳವನ್ನು ಥಟ್ಟನೆ ಮೂಗಿಗೆ ತರುತ್ತದೆ. ಮಡಕೆಯದು ಮಂದ, ತುಸು ಎಣ್ಣೆಯಂತೆ ಜಾರುವಂಥದು, ತಡವಾಗಿ ಬಂದು ತಡವಾಗಿ ಹೋಗುತ್ತದೆ. ನನ್ನ ಮೆಚ್ಚುಗೆ ಮಡಕೆಯದಕ್ಕೇ. ಮೂರು ಸಲ ತುಟಿಗೆ ತಾಗಿಸಲು ಅರ್ಧ ಗಂಟೆ ಹಿಡಿಯಿತು.

ಬಟ್ಟಲಿನಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಕೊನೆಯ ಹನಿಗಳನ್ನು ನೆಲಕ್ಕೆ ಬಿಡುವ ವಾಡಿಕೆ ಅಲ್ಲಿದೆ ಎಂದು ಮನೆಯೊಡತಿ ತೋರಿಸಿಕೊಟ್ಟರು. ಅಣ್ಣನ ಹೆಸರೇನೆಂದು ಕೇಳಿದರು, ಹೇಳಿದೆ. ನಾನು ಹನಿಸುವಾಗ ಅವರಿಗೆ ತೋಚಿದಂತೆ ಆ ಹೆಸರನ್ನು ಉಚ್ಚರಿಸಿ, ಬಟ್ಟಲನ್ನು ಇಸಿದುಕೊಂಡು ತೊಳೆಯಲು ಹೋದರು.