ಕೂಸಿಗೆ ಅಪ್ಪ ನೆಂಟನಾಗಬಾರದು

(ಹುಲಕೋಟಿಯಲ್ಲಿ ಪಾಲಕರ ಮುಂದೆ ಮಾಡಿದ ಭಾಷಣದ ಬರಹರೂಪ)



ನಮ್ಮ ಕಡೆ ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಬಾಣಂತನ ಮುಗಿಸಿ ಸೊಸೆ ಕೂಸಿನೊಂದಿಗೆ ಗಂಡನ ಮನೆಗೆ ಬರಲು ಐದಾರು ತಿಂಗಳು ಹಿಡಿಯುವುದುಂಟು. ಅಲ್ಲಿಯವರೆಗೆ ಅಪ್ಪನಾದವನು ನೆಂಟನಂತೆ ಹೋಗಿ ತೊಟ್ಟಿಲಲ್ಲಿ ಇಣುಕಿ ಬರುತ್ತಾನೆ. ಹಿರಿಯರೆದುರು ತನ್ನ ಕೂಸನ್ನು ತಾನೇ ಎತ್ತಿಕೊಳ್ಳಲು ಸಂಕೋಚಪಡುವವರೂ ಇದ್ದಾರೆ. ತವರಿನ ಆರೈಕೆ ತಾಯಿಗೆ ಬೇಕೇ ಬೇಕು. ಆದರೆ ಆ ತಿಂಗಳುಗಳಲ್ಲಿ ಕೂಸು ಸುಮ್ಮನೆ ಮಲಗಿರುವುದಿಲ್ಲ.

ಆರರಿಂದ ಎಂಟು ವಾರಗಳ ಹೊತ್ತಿಗೆ ಅದು ಎದುರಿನ ಮುಖ ನೋಡಿ ನಗುತ್ತದೆ. ಏಳೆಂಟು ತಿಂಗಳಿಗೆ ತನ್ನವರಾರು, ಹೊರಗಿನವರಾರು ಎಂದು ಗುರುತಿಸಿ, ಹೊಸಬರನ್ನು ಕಂಡರೆ ಅಳುತ್ತದೆ. ವರ್ಷ ತುಂಬುವಷ್ಟರಲ್ಲಿ ಬೆರಳು ಮಾಡಿ ತೋರಿಸಿ, ‘ನೀನೂ ನೋಡು’ ಎನ್ನುತ್ತದೆ. ನಾಲ್ಕು ಜನರೊಡನೆ ಬಾಳುವ ಪಾಠ ಆರಂಭವಾಗುವುದು ಇಲ್ಲಿಂದಲೇ. ಗಂಡನ ಮನೆಗೆ ಬಂದ ಮೇಲೂ ಅಪ್ಪ ದೂರವೇ ಉಳಿದು, ಹೊರಗಿನವರ ಸಾಲಿಗೆ ಸೇರಿದರೆ ತಪ್ಪು ಕೂಸಿನದಲ್ಲ.

ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ವರದಿ ಬರೆದ ಜಾನ್ ಬೌಲ್ಬಿ ತಾಯಿಯ ಅಕ್ಕರೆಗೇ ಹೆಚ್ಚು ಒತ್ತು ಕೊಟ್ಟರು. 1970ರ ದಶಕದಲ್ಲಿ ಮೈಕೇಲ್ ಲ್ಯಾಂಬ್ ಅಮೆರಿಕದ ಮನೆಗಳಿಗೇ ಹೋಗಿ ನೋಡಿದಾಗ, ಕೂಸುಗಳು ತಂದೆಯನ್ನೂ ಹಚ್ಚಿಕೊಂಡಿದ್ದವು. ಅಲ್ಲಿ ತಾಯಿ ಕೂಸನ್ನು ಎತ್ತಿಕೊಳ್ಳುತ್ತಿದ್ದುದು ಹೆಚ್ಚಾಗಿ ಆರೈಕೆಗೆ, ತಂದೆ ಆಟಕ್ಕೆ. ಎರಡೂ ಕೂಸಿಗೆ ಬೇಕಾದವೇ. 1978ರಲ್ಲಿ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ಆಡಿಸುತ್ತಿದ್ದ ತಾಯಿ ಕೆಲವೇ ನಿಮಿಷ ಕಲ್ಲಿನಂತೆ ಮುಖ ಮಾಡಿ ಕುಳಿತಳು. ಕೂಸು ನಕ್ಕು ಕರೆಯಿತು, ಕೈ ಚಾಚಿತು. ಉತ್ತರ ಬಾರದಾಗ ಮುಖ ತಿರುಗಿಸಿತು. ಹತ್ತಿರ ಕುಳಿತರಷ್ಟೇ ಸಾಲದು, ಕೂಸಿನ ಕರೆಗೆ ಓಗೊಡಬೇಕು. ಮೊಬೈಲಿನಲ್ಲಿ ಮುಖ ಹುದುಗಿಸಿ ಕುಳಿತ ಅಪ್ಪ-ಅವ್ವ ಇಬ್ಬರಿಗೂ ಈ ಮಾತು ಸಲ್ಲುತ್ತದೆ.

2017ರಿಂದ, ಹೆರಿಗೆ ಸೌಲಭ್ಯದ ಕಾನೂನಿನಡಿ ದುಡಿಯುವ ತಾಯಿಗೆ ಮೊದಲ ಎರಡು ಹೆರಿಗೆಗೆ 26 ವಾರಗಳ ರಜೆ ಇದೆ. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ 15 ದಿನ. ಹೊಲದಲ್ಲಿ ದುಡಿಯುವ ಅಪ್ಪನಿಗೆ ರಜೆ ಕೊಡುವವರಾರು? ಅವನೇ ಹೊತ್ತು ಮಾಡಿಕೊಳ್ಳಬೇಕು.

1905ರಲ್ಲಿ ಸಹಕಾರದ ಬೀಜ ಬಿದ್ದ ಕಣಗಿನಹಾಳ ನಮ್ಮ ಸೀಮೆಯದೇ. ಹುಲಕೋಟಿಯಂಥ ಊರು ಅದನ್ನು ಬೆಳೆಸಿತು. ಆ ಸಹಕಾರ ತೊಟ್ಟಿಲವರೆಗೂ ಬರಲಿ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ರೂಢಿ ನಮ್ಮದು. ಆ ದಿನ ಬೀಗರ ಊರಿಗೆ ಹೋಗಿರಿ. ಕೂಸನ್ನು ಎತ್ತಿಕೊಂಡು ಮಾತನಾಡಿಸಿರಿ, ಬಟ್ಟೆ ಬದಲಿಸಿರಿ, ಮಲಗಿಸಿರಿ. ಅಜ್ಜಿಯರೇ, ಅಳಿಯ ಬಂದಾಗ ಚಹಾ ಕೊಡುವ ಮೊದಲು ಕೂಸನ್ನು ಅವನ ಕೈಗೆ ಕೊಡಿರಿ.