ಸುರಕ್ಷಿತ ಕಾರಿನ ಆಯ್ಕೆ



ಉದ್ಯೋಗನಿಮಿತ್ತ ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳು ಹಬ್ಬಹರಿದಿನಗಳಿಗೆ, ಮದುವೆ ಮುಂಜಿಗಳಿಗೆ ಸ್ವಂತ ಕಾರಿನಲ್ಲಿಯೇ ಊರಿಗೆ ಹೊರಡುತ್ತವೆ. ಆದರೆ ಕಾರು ಕೊಳ್ಳುವಾಗ ಬೆಲೆ, ಬಣ್ಣ, ಮೈಲೇಜುಗಳನ್ನು ವಿಚಾರಿಸುವಷ್ಟು ಆಸ್ಥೆಯಿಂದ, ಅಪಘಾತ ಸಂಭವಿಸಿದರೆ ಒಳಗಿರುವವರ ಗತಿಯೇನೆಂಬುದನ್ನು ನಾವು ವಿಚಾರಿಸುವುದಿಲ್ಲ. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಅಸುನೀಗಿದರು.

ಗ್ರಾಹಕರಿಗೆ ಈ ಮಾಹಿತಿಯನ್ನು ಒದಗಿಸುವ ಸಲುವಾಗಿಯೇ ‘ಭಾರತ್ ಎನ್‌ಕ್ಯಾಪ್’ ಎಂಬ ಕಾರು ಸುರಕ್ಷತಾ ಪರೀಕ್ಷಾ ಯೋಜನೆಯು 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಪುಣೆಯಲ್ಲಿರುವ ಕೇಂದ್ರೀಯ ರಸ್ತೆ ಸಾರಿಗೆ ಸಂಸ್ಥೆಯು ಇದನ್ನು ನಿರ್ವಹಿಸುತ್ತದೆ. ಯೋಜನೆಯು ಸ್ವಯಂಪ್ರೇರಿತವಾದುದರಿಂದ ಎಲ್ಲ ಕಾರುಗಳೂ ಪರೀಕ್ಷೆಗೆ ಒಳಪಟ್ಟಿರುವುದಿಲ್ಲ.

ಯೋಜನೆಯ ಮೂಲ ನಿಯಮಗಳಂತೆ, ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಕಾರಿನ ಮುಂಭಾಗದ ಶೇಕಡ 40ರಷ್ಟು ಅಗಲವನ್ನು ತಡೆಗೋಡೆಗೆ ಡಿಕ್ಕಿ ಹೊಡೆಸಲಾಗುತ್ತದೆ. 50 ಕಿಲೋಮೀಟರ್ ವೇಗದಲ್ಲಿ ಪಕ್ಕದಿಂದ ಬಂದ ಆಘಾತವನ್ನೂ, ಮೂರು ಅಥವಾ ಹೆಚ್ಚಿನ ಸ್ಟಾರ್ ಪಡೆಯಲು 29 ಕಿಲೋಮೀಟರ್ ವೇಗದಲ್ಲಿ ಕಂಬಕ್ಕೆ ಪಕ್ಕದಿಂದ ಬಡಿಯುವ ಆಘಾತವನ್ನೂ ಕಾರು ಎದುರಿಸಬೇಕು. ಒಳಗೆ ಕೂರಿಸಿದ ಮಾನವಾಕೃತಿಗಳ ತಲೆ, ಕುತ್ತಿಗೆ, ಎದೆ, ಕಾಲುಗಳಿಗೆ ತಗುಲಿದ ಪೆಟ್ಟನ್ನು ಅಳೆದು ಅಂಕ ನೀಡಲಾಗುತ್ತದೆ.

ಈ ಫಲಿತಾಂಶವನ್ನು ಓದುವಾಗ ಮೂರು ಅಂಶಗಳನ್ನು ಗಮನಿಸಬೇಕು.

ಮೊದಲನೆಯದಾಗಿ, ವಯಸ್ಕರಿಗೂ ಮಕ್ಕಳಿಗೂ ಪ್ರತ್ಯೇಕ ಶ್ರೇಣಿಗಳಿವೆ. ವಯಸ್ಕರ ರಕ್ಷಣೆಗೆ ಗರಿಷ್ಠ 32 ಅಂಕಗಳು, ಮಕ್ಕಳ ರಕ್ಷಣೆಗೆ 49. ವಯಸ್ಕರ ವಿಭಾಗದಲ್ಲಿ 27 ಅಂಕ ಗಳಿಸಿದ ಕಾರಿಗೂ 32 ಗಳಿಸಿದ ಕಾರಿಗೂ ಐದೇ ಸ್ಟಾರ್. ಆದ್ದರಿಂದ ಸ್ಟಾರ್‌ಗಳ ಜೊತೆಗೆ ಅಂಕಗಳನ್ನೂ ನೋಡುವುದು ಲೇಸು.

ಎರಡನೆಯದಾಗಿ, ಸರಿಸುಮಾರು ಸಮಾನ ತೂಕದ ಕಾರುಗಳನ್ನು ಮಾತ್ರ ಪರಸ್ಪರ ಹೋಲಿಸಬೇಕು. ತಡೆಗೋಡೆಗೆ ಬಡಿಯುವ ಕಾರು ತನ್ನದೇ ತೂಕದ ಆಘಾತವನ್ನು ಎದುರಿಸುತ್ತದೆ. ಐದು ಸ್ಟಾರ್‌ಗಳ ಸಣ್ಣ ಕಾರು ತನಗಿಂತ ಬಹಳ ಭಾರವಾದ ವಾಹನಕ್ಕೆ ಡಿಕ್ಕಿ ಹೊಡೆದಾಗಲೂ ಅಷ್ಟೇ ರಕ್ಷಣೆ ನೀಡುತ್ತದೆಂದು ಭಾವಿಸುವಂತಿಲ್ಲ.

ಮೂರನೆಯದಾಗಿ, ಪರೀಕ್ಷೆ ನಡೆದ ವರ್ಷವನ್ನು ನೋಡಬೇಕು. ಪರೀಕ್ಷಾ ನಿಯಮಗಳು ಕಾಲಕಾಲಕ್ಕೆ ಕಠಿಣವಾಗುತ್ತವೆ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು 2022ರಲ್ಲಿ ತನ್ನ ನಿಯಮಗಳನ್ನು ಬಿಗಿಗೊಳಿಸಿತು. ಅದಕ್ಕೆ ಹಿಂದಿನ ಐದು ಸ್ಟಾರ್‌ಗಳು ಅನಂತರದವುಗಳಿಗೆ ಸಮವಲ್ಲ.

ಇಷ್ಟೆಲ್ಲ ನೋಡಿ ಕೊಂಡ ಕಾರೂ ಅರ್ಧ ಕೆಲಸವನ್ನಷ್ಟೇ ಮಾಡಬಲ್ಲದು. ಪರೀಕ್ಷೆಯಲ್ಲಿ ಮಾನವಾಕೃತಿಗಳಿಗೆ ಸೀಟ್ ಬೆಲ್ಟ್ ಬಿಗಿದಿರುತ್ತದೆ. ಮಕ್ಕಳ ಆಕೃತಿಗಳು ಅವರಿಗೆಂದೇ ರೂಪಿಸಿದ ಆಸನದಲ್ಲಿರುತ್ತವೆ. ಸ್ಟಾರ್ ದೊರೆಯುವುದು ಈ ಷರತ್ತಿನ ಮೇಲೆ. 2022ರಲ್ಲಿ ಸೀಟ್ ಬೆಲ್ಟ್ ಧರಿಸದೆ ಮಡಿದವರು 16,715 ಮಂದಿ. ಅವರಲ್ಲಿ 8,331 ಜನರು ಚಾಲಕರಲ್ಲ, ಪ್ರಯಾಣಿಕರು.

ಮಡಿಲಲ್ಲಿ ಕೂತ ಮಗು ಕ್ಷೇಮವಾಗಿದೆ ಎಂಬುದು ನಮ್ಮ ವಾತ್ಸಲ್ಯದ ನಂಬಿಕೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಗಂಟೆಗೆ 64 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತುಬಿಟ್ಟರೆ, 10 ಕಿಲೋ ತೂಕದ ಮಗುವನ್ನು ಹಿಡಿದಿಡಲು ಸುಮಾರು 180 ಕಿಲೋ ಭಾರವನ್ನು ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ತೋಳುಗಳಿಗೂ ಅದು ಸಾಧ್ಯವಿಲ್ಲ. ಮಕ್ಕಳ ಆಸನವನ್ನು ಹಿಂಬದಿ ಸೀಟಿನಲ್ಲಿ ಭದ್ರವಾಗಿ ಅಳವಡಿಸಿರಿ. ಹಿಂದಕ್ಕೆ ಮುಖಮಾಡಿದ ಶಿಶು ಆಸನವನ್ನು, ಚಾಲೂ ಇರುವ ಏರ್‌ಬ್ಯಾಗ್‌ನ ಮುಂದೆ ಎಂದಿಗೂ ಇಡಬೇಡಿರಿ.

ಆದುದರಿಂದ ಕಾರು ಕೊಳ್ಳುವ ಮುನ್ನ ಮಾರಾಟಗಾರರಲ್ಲಿ ಕೇಳಿರಿ: ಈ ಮಾದರಿಯನ್ನು ಪರೀಕ್ಷಿಸಲಾಗಿದೆಯೇ? ಯಾವ ವರ್ಷದಲ್ಲಿ? ಮಕ್ಕಳ ರಕ್ಷಣೆಗೆ ಎಷ್ಟು ಅಂಕ? ಕೊಂಡ ಅನಂತರ ಪ್ರತಿ ಪ್ರಯಾಣಕ್ಕೂ ಮುನ್ನ ಮನೆಯವರನ್ನು ಕೇಳಿರಿ: ಎಲ್ಲರೂ ಬೆಲ್ಟ್ ಹಾಕಿದಿರಾ? ಈ ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದ ಮೇಲೆಯೇ ಕಾರು ಊರಿನ ದಾರಿ ಹಿಡಿಯಲಿ.